ಕರುಳಿನ ಆರೋಗ್ಯ: ಮದ್ದು ಇರುವುದು ತಟ್ಟೆಯಲ್ಲಿ, ಡಬ್ಬಿಯಲ್ಲಲ್ಲ

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ಕನ್ನಡಿಗರೆಲ್ಲರೂ ಬಲ್ಲ ಗಾದೆ. ಆದರೆ ಇಂದಿನ ನಗರವಾಸಿಗೆ ಊಟಕ್ಕಿಂತ ಊಟದ ನಂತರದ ಗುಳಿಗೆಯೇ ಹೆಚ್ಚು ಪರಿಚಿತ. ಹೊಟ್ಟೆಯುಬ್ಬರ, ಹುಳಿತೇಗು, ಎದೆಯುರಿ, ಮಲಬದ್ಧತೆ ಇವುಗಳಲ್ಲಿ ಯಾವುದೇ ಕಾಣಿಸಿಕೊಂಡರೂ ರಾಜ್ಯದ ಉದ್ದಗಲಕ್ಕೂ ಅದಕ್ಕೆ ಒಂದೇ ಹೆಸರು: 'ಗ್ಯಾಸ್ಟ್ರಿಕ್'. ಔಷಧ ಅಂಗಡಿಯಲ್ಲಿ ಆ ಒಂದು ಪದ ಉಚ್ಚರಿಸಿದರೆ ಸಾಕು, ಮಾತ್ರೆ ಕೈಸೇರುತ್ತದೆ. ಅದರ ಪಕ್ಕದ ಕಪಾಟಿನಲ್ಲೇ ಪ್ರೋಬಯಾಟಿಕ್ ಕ್ಯಾಪ್ಸೂಲ್, ನಾರಿನ ಪುಡಿ, ಗಿಡಮೂಲಿಕೆಯ ಕಷಾಯ, 'ಡಿಟಾಕ್ಸ್' ಪೇಯಗಳು ಸಾಲುಗಟ್ಟಿ ನಿಂತಿವೆ.

ಇವುಗಳಲ್ಲಿ ಯಾವುದಕ್ಕೆ ವೈಜ್ಞಾನಿಕ ಆಧಾರವಿದೆ, ಯಾವುದು ಬರಿಯ ಭರವಸೆ, ಯಾವ ಲಕ್ಷಣವನ್ನು 'ಗ್ಯಾಸ್ಟ್ರಿಕ್' ಎಂದು ತಳ್ಳಿಹಾಕುವುದು ಅಪಾಯಕಾರಿ ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ. ಹಣ ವ್ಯರ್ಥವಾಗುವುದಕ್ಕಿಂತಲೂ, ಗಂಭೀರ ಕಾಯಿಲೆಯ ಪತ್ತೆ ತಡವಾಗುವುದು ಇಲ್ಲಿರುವ ದೊಡ್ಡ ನಷ್ಟ.

ಕರುಳೊಳಗಿನ ಲೋಕ

ವಯಸ್ಕ ಮನುಷ್ಯನ ಸಣ್ಣ ಕರುಳು ಸುಮಾರು 6 ಮೀಟರ್, ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದವಿರುತ್ತದೆ. ತಿಂದ ಆಹಾರ ಜಠರದಲ್ಲಿ ಕೆಲವು ಗಂಟೆ ಅರೆದು, ಸಣ್ಣ ಕರುಳಿನಲ್ಲಿ ಪಚನಗೊಂಡು, ಅದರ ಸಾರವೆಲ್ಲ ರಕ್ತಕ್ಕೆ ಸೇರುತ್ತದೆ. ಜೀರ್ಣವಾಗದೆ ಉಳಿದ ಭಾಗ ದೊಡ್ಡ ಕರುಳಿಗೆ ಬಂದು ಅಲ್ಲಿ ಒಂದು ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ತಂಗುತ್ತದೆ. ಸೂಕ್ಷ್ಮಾಣುಗಳ ಬೃಹತ್ ವಸಾಹತು ನೆಲೆಸಿರುವುದು ಇಲ್ಲಿಯೇ.

ದೇಹದಲ್ಲಿರುವ ಬ್ಯಾಕ್ಟೀರಿಯಾಗಳ ಸಂಖ್ಯೆ ನಮ್ಮದೇ ಜೀವಕೋಶಗಳ ಹತ್ತು ಪಟ್ಟು ಎಂಬ ಮಾತು ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿತ್ತು. 2016ರಲ್ಲಿ ಪ್ರಕಟವಾದ ಮರು ಲೆಕ್ಕಾಚಾರ ಅದನ್ನು ತಿದ್ದಿತು. ಅದರ ಪ್ರಕಾರ ಎರಡೂ ಹೆಚ್ಚು ಕಡಿಮೆ ಸರಿಸಮ. ಬ್ಯಾಕ್ಟೀರಿಯಾಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿ, ಒಟ್ಟು ತೂಕ ಸುಮಾರು 200 ಗ್ರಾಂ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2007ರಲ್ಲಿ ಕೈಗೆತ್ತಿಕೊಂಡ ಮಾನವ ಸೂಕ್ಷ್ಮಾಣು ಸಮುದಾಯ ಯೋಜನೆಯ ನಂತರ ಈ ಕ್ಷೇತ್ರದ ಅಧ್ಯಯನ ವೇಗ ಪಡೆಯಿತು.

ಈ ಸೂಕ್ಷ್ಮಾಣುಗಳು ಸುಮ್ಮನೆ ಕುಳಿತ ಬಾಡಿಗೆದಾರರಲ್ಲ. ಮನುಷ್ಯನ ಪಾಚಕ ರಸಗಳಿಗೆ ಜಗ್ಗದ ನಾರಿನಂಶವನ್ನು ಅವು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರುಸರಪಳಿ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟ್ ಮುಖ್ಯ ಇಂಧನ. ಈ ಪದರ ಗಟ್ಟಿಯಾಗಿದ್ದರೆ ರೋಗಾಣುಗಳು ರಕ್ತಕ್ಕೆ ನುಸುಳುವುದು ಕಷ್ಟ. ಕೆಲವು ಬ್ಯಾಕ್ಟೀರಿಯಾಗಳು ಕೆ ಜೀವಸತ್ವವನ್ನೂ ಕೆಲವು ಬಿ ಜೀವಸತ್ವಗಳನ್ನೂ ಉತ್ಪಾದಿಸುತ್ತವೆ.

ಕರುಳಿನ ಗೋಡೆಯಲ್ಲಿ 10 ಕೋಟಿಗೂ ಮೀರಿದ ನರಕೋಶಗಳ ಜಾಲವಿದೆ. ದೇಹದ ಸೆರೊಟೊನಿನ್ ರಾಸಾಯನಿಕದಲ್ಲಿ ಸುಮಾರು ಶೇ 90ರಷ್ಟು ತಯಾರಾಗುವುದು ಕರುಳಿನಲ್ಲಿಯೇ. ಪರೀಕ್ಷೆಯ ದಿನ ಹೊಟ್ಟೆ ಕಲಕುವುದಕ್ಕೂ, ಚಿಂತೆ ಹೆಚ್ಚಾದಾಗ ಹಸಿವು ಇಂಗುವುದಕ್ಕೂ ಮೆದುಳು ಮತ್ತು ಕರುಳಿನ ನಡುವಣ ಈ ನಂಟೇ ಕಾರಣ.

ಮೊದಲ ಅಗತ್ಯ ನಾರಿನಂಶ

ಕರುಳಿನ ಆರೋಗ್ಯಕ್ಕೆ ಸಂಬಂಧಿಸಿದ ಸಲಹೆಗಳಲ್ಲಿ ಅತ್ಯಂತ ಗಟ್ಟಿ ಆಧಾರವಿರುವುದು ನಾರಿನಂಶಕ್ಕೆ. ವಯಸ್ಕರು ದಿನಕ್ಕೆ ಕನಿಷ್ಠ 25 ಗ್ರಾಂ ನಾರನ್ನು ಆಹಾರದಿಂದಲೇ ಪಡೆಯಬೇಕು, ಕನಿಷ್ಠ 400 ಗ್ರಾಂ ತರಕಾರಿ ಹಾಗೂ ಹಣ್ಣು ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಶಿಫಾರಸು ಮಾಡಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು 2000 ಕಿಲೊ ಕ್ಯಾಲೊರಿಯ ದಿನದ ತಟ್ಟೆಯಲ್ಲಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ-ಮಾಂಸ ಇರಬೇಕೆಂದೂ, ಧಾನ್ಯ 250 ಗ್ರಾಂಗೆ ಸೀಮಿತವಾಗಬೇಕೆಂದೂ ಹೇಳುತ್ತದೆ. ನಮ್ಮ ಸಾಮಾನ್ಯ ತಟ್ಟೆಯಲ್ಲಿ ನಡೆಯುವುದು ಇದರ ತದ್ವಿರುದ್ಧ: ಅನ್ನದ ರಾಶಿ, ಅಂಚಿನಲ್ಲಿ ಒಂದು ಚಮಚ ಪಲ್ಯ.

ನೂರು ಗ್ರಾಂ ಹಸಿ ಧಾನ್ಯದಲ್ಲಿರುವ ನಾರಿನ ಅಂದಾಜು ಪ್ರಮಾಣ ಹೀಗಿದೆ:

ಪಾಲಿಶ್ ಮಾಡಿದ ಅಕ್ಕಿ: ಸುಮಾರು 3 ಗ್ರಾಂ
ಜೋಳ: ಸುಮಾರು 10 ಗ್ರಾಂ
ರಾಗಿ: ಸುಮಾರು 11 ಗ್ರಾಂ
ಗೋಧಿ ಹಿಟ್ಟು: ಸುಮಾರು 11 ಗ್ರಾಂ
ತೊಗರಿಬೇಳೆ: ಸುಮಾರು 9 ಗ್ರಾಂ
ಇಡಿ ಹೆಸರುಕಾಳು: ಸುಮಾರು 17 ಗ್ರಾಂ

ದಿನದ 250 ಗ್ರಾಂ ಧಾನ್ಯವೂ ಬಿಳಿ ಅಕ್ಕಿಯೇ ಆದರೆ ದೊರೆಯುವ ನಾರು ಸುಮಾರು 7 ಗ್ರಾಂ ಮಾತ್ರ. ಅದರಲ್ಲಿ ಅರ್ಧವನ್ನು ರಾಗಿಗೆ ಬದಲಾಯಿಸಿದರೆ ಅದು 17 ಗ್ರಾಂ ದಾಟುತ್ತದೆ. ಒಂದು ಹೊತ್ತಿನ ಮುದ್ದೆ ಅಥವಾ ಜೋಳದ ರೊಟ್ಟಿ ಮಾಡುವ ಕೆಲಸವನ್ನು ಯಾವ ದುಬಾರಿ ಪುಡಿಯೂ ಇದಕ್ಕಿಂತ ಅಗ್ಗವಾಗಿ ಮಾಡಲಾರದು.

ರಾಜ್ಯದ ಸಾಂಪ್ರದಾಯಿಕ ಅಡುಗೆಯಲ್ಲಿ ಇದಕ್ಕೆ ಬೇಕಾದುದೆಲ್ಲವೂ ಇದೆ. ಹಳೇ ಮೈಸೂರು ಭಾಗದ ಸೊಪ್ಪಿನ ಸಾರು, ಬಸ್ಸಾರು ಮತ್ತು ಮೊಳಕೆ ಕಾಳಿನ ಸಾರು. ಉತ್ತರ ಕರ್ನಾಟಕದಲ್ಲಿ ರೊಟ್ಟಿಯೊಂದಿಗೆ ಹಸಿಯಾಗಿಯೇ ತಿನ್ನುವ ಮೆಂತ್ಯ ಸೊಪ್ಪು, ಮೂಲಂಗಿ, ಸವತೆಕಾಯಿ. ಮಲೆನಾಡಿನ ಒಂದೆಲಗದ ತಂಬುಳಿ. ಕರಾವಳಿಯ ಕುಚ್ಚಲಕ್ಕಿ ಗಂಜಿ. ಹಬ್ಬದೂಟದ ಕೋಸಂಬರಿ ಇವೆಲ್ಲವೂ ಕರುಳಿನ ಸೂಕ್ಷ್ಮಾಣುಗಳಿಗೆ ಬಗೆಬಗೆಯ ನಾರನ್ನು ಒದಗಿಸುವ ತಿನಿಸುಗಳು. ಒಂದೇ ಬಗೆಯ ಆಹಾರವನ್ನು ಹೆಚ್ಚು ತಿನ್ನುವುದಕ್ಕಿಂತ ವಾರವಿಡೀ ಕಾಳು, ಸೊಪ್ಪು, ಧಾನ್ಯಗಳನ್ನು ಬದಲಾಯಿಸುತ್ತಿರುವುದು ಮೇಲು.

ಎಚ್ಚರಿಕೆಯೂ ಒಂದಿದೆ. ನಾರಿನಂಶವನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ, ವಾಯು ತಪ್ಪಿದ್ದಲ್ಲ. ಎರಡು ಮೂರು ವಾರಗಳ ಅವಧಿಯಲ್ಲಿ ಹಂತಹಂತವಾಗಿ ಹೆಚ್ಚಿಸಬೇಕು, ಜೊತೆಗೆ ನೀರಿನ ಪ್ರಮಾಣವನ್ನೂ ಏರಿಸಬೇಕು. ಕಾಳುಗಳನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ ಬೇಯಿಸಿದರೆ ವಾಯುವಿನ ಬಾಧೆ ತಗ್ಗುತ್ತದೆ.

ಮೊಸರು, ಮಜ್ಜಿಗೆ, ಇಡ್ಲಿ, ಅಂಬಲಿ

ಹುಳಿ ಹಾಲಿನ ಮಹಿಮೆಯನ್ನು ಆಧುನಿಕ ವಿಜ್ಞಾನದ ಚರ್ಚೆಗೆ ತಂದವರು ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿದ್ದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್. ರೋಗನಿರೋಧಕ ಶಕ್ತಿಯ ಸಂಶೋಧನೆಗಾಗಿ 1908ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಅವರು, ಹುಳಿ ಹಾಲಿನ ಬ್ಯಾಕ್ಟೀರಿಯಾಗಳು ಆಯುಷ್ಯ ವೃದ್ಧಿಸುತ್ತವೆ ಎಂದು ನಂಬಿದ್ದರು. ಆಯುಷ್ಯದ ಮಾತು ಸಾಬೀತಾಗಲಿಲ್ಲ. ಆದರೆ ಹುದುಗಿಸಿದ ಆಹಾರದ ಕುರಿತ ಕುತೂಹಲ ಉಳಿಯಿತು. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 36 ಆರೋಗ್ಯವಂತ ವಯಸ್ಕರನ್ನು ಎರಡು ಗುಂಪು ಮಾಡಿ 10 ವಾರ ನಡೆಸಿದ ಪ್ರಯೋಗದಲ್ಲಿ, ಹುದುಗಿಸಿದ ಆಹಾರ ಹೆಚ್ಚು ತಿಂದ ಗುಂಪಿನ ಕರುಳಿನಲ್ಲಿ ಸೂಕ್ಷ್ಮಾಣುಗಳ ವೈವಿಧ್ಯ ಹೆಚ್ಚಿ, ರಕ್ತದಲ್ಲಿ ಉರಿಯೂತದ ಹಲವು ಸೂಚಕಗಳು ಇಳಿದವು. ಪ್ರಯೋಗ ಚಿಕ್ಕದು ಎಂಬುದನ್ನು ಮರೆಯುವಂತಿಲ್ಲ.

ನಮ್ಮ ಮನೆಗಳಲ್ಲಿ ಹುದುಗಿಸಿದ ಆಹಾರಕ್ಕೆ ಕೊರತೆಯಿಲ್ಲ. ಆದರೆ ಎಲ್ಲದರ ಗುಣವೂ ಒಂದೇ ಅಲ್ಲ. ಇಡ್ಲಿ ಹಿಟ್ಟನ್ನು ಉಬ್ಬಿಸುವಲ್ಲಿ ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾದ ಪಾತ್ರ ಮುಖ್ಯ. ಹಿಟ್ಟು ಹುದುಗುವುದರಿಂದ ಕೆಲವು ಬಿ ಜೀವಸತ್ವಗಳು ಹೆಚ್ಚುತ್ತವೆ, ಜೀರ್ಣ ಸುಲಭವಾಗುತ್ತದೆ. ಆದರೆ ಹಬೆಯಲ್ಲಿ ಬೆಂದ ಮೇಲೆ ಇಡ್ಲಿಯಲ್ಲಿ ಜೀವಂತ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಮಜ್ಜಿಗೆ ಹುಳಿಯ ವಿಷಯದಲ್ಲೂ ಇದೇ ಮಾತು. ಜೀವಂತ ಬ್ಯಾಕ್ಟೀರಿಯಾ ಬೇಕಾದರೆ ಕಾಯಿಸದ ಮೊಸರು, ಮಜ್ಜಿಗೆಯೇ ಸೂಕ್ತ. ಸುಡುವ ಅನ್ನಕ್ಕೆ ಮೊಸರು ಕಲಸುವ ಬದಲು ಅನ್ನ ಆರಿದ ಮೇಲೆ ಕಲಸುವುದು ಒಳ್ಳೆಯದು. ಹಣ್ಣಿನ ಪರಿಮಳ ಬೆರೆಸಿದ ಡಬ್ಬಿ ಮೊಸರಿನಲ್ಲಿ ಸಕ್ಕರೆ ಎಷ್ಟಿದೆ ಎಂದು ಲೇಬಲ್ ನೋಡಿ ಕೊಳ್ಳಬೇಕು.

ರಾತ್ರಿ ಹುಳಿಯಲು ಬಿಟ್ಟ ರಾಗಿ ಅಥವಾ ಜೋಳದ ಅಂಬಲಿ ಬೇಸಿಗೆಗೆ ಹಿತಕರ. ಆರಿದ ಅನ್ನದಲ್ಲಿ ಪಿಷ್ಟದ ಒಂದಂಶ ಜೀರ್ಣಕ್ಕೆ ಜಗ್ಗದ ರೂಪಕ್ಕೆ ತಿರುಗಿ ನಾರಿನಂತೆ ವರ್ತಿಸುತ್ತದೆ. ಹಾಗೆಂದು ಅನ್ನವನ್ನು ಬೆಚ್ಚನೆಯ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಬಿಡುವುದು ಅಪಾಯ. ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅಲ್ಲಿ ಮೊಳೆತು ವಿಷ ಉತ್ಪಾದಿಸಬಲ್ಲವು. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಉಳಿದ ಅನ್ನವನ್ನು ಬೇಗ ಆರಿಸಿ ಫ್ರಿಜ್‌ನಲ್ಲಿಡುವುದು ಸುರಕ್ಷಿತ.

ಉಪ್ಪಿನಕಾಯಿಯನ್ನು ಕರುಳಿನ ಔಷಧವೆಂದು ಬಣ್ಣಿಸುವುದುಂಟು. ಆದರೆ ಅದರಲ್ಲಿರುವ ಉಪ್ಪಿನ ಪ್ರಮಾಣ ಅಧಿಕ. ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿಯೊಳಗೆ ಅದು ನಾಲಿಗೆಯ ರುಚಿಗೆ ಮಾತ್ರ.

ಎಲ್ಲರಿಗೂ ಎಲ್ಲವೂ ಒಗ್ಗದು

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣಿಸಿಕೊಳ್ಳುವ ಶಕ್ತಿ ಪ್ರಾಯಕ್ಕೆ ಬಂದ ಮೇಲೆ ಅನೇಕರಲ್ಲಿ ಕುಂದುತ್ತದೆ. ಉತ್ತರ ಭಾರತೀಯರಿಗಿಂತ ದಕ್ಷಿಣ ಭಾರತೀಯರಲ್ಲಿ ಇದು ಹೆಚ್ಚು. ಹಾಲು ಕುಡಿದೊಡನೆ ಹೊಟ್ಟೆ ಗುಡುಗುಡಿಸುವವರಿಗೆ ಮೊಸರು ಒಗ್ಗಬಹುದು. ಹೆಪ್ಪಿನ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಭಾಗವನ್ನು ಮೊದಲೇ ಒಡೆದಿರುವುದು ಇದಕ್ಕೆ ಕಾರಣ.

ಕೆಲವರಿಗೆ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳೂ ಉಬ್ಬರ ತರುತ್ತವೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಸುಲಭವಾಗಿ ಹುದುಗುವ ಶರ್ಕರಗಳನ್ನು 'ಫಾಡ್‌ಮ್ಯಾಪ್' ಎಂದು ಹೆಸರಿಸಿ, ಕೆರಳುವ ಕರುಳಿನ ತೊಂದರೆಯುಳ್ಳವರಿಗಾಗಿ ಪಥ್ಯವೊಂದನ್ನು ರೂಪಿಸಿದರು. ಕೆಲವು ವಾರ ಇವನ್ನೆಲ್ಲ ಬಿಟ್ಟು, ಬಳಿಕ ಒಂದೊಂದನ್ನೇ ಮರಳಿ ತಿಂದು ನೋಡಿ, ತೊಂದರೆ ಕೊಡುವುದನ್ನು ಗುರುತಿಸುವುದು ಇದರ ಕ್ರಮ. ಆಹಾರತಜ್ಞರ ಮಾರ್ಗದರ್ಶನವಿಲ್ಲದೆ ಇದನ್ನು ವರ್ಷಗಟ್ಟಲೆ ಮುಂದುವರಿಸಿದರೆ ಪೋಷಕಾಂಶಗಳ ಕೊರತೆ ಉಂಟಾಗಬಹುದು.

ದಿನಚರಿಯ ಪಾತ್ರ

ದಿನಕ್ಕೆ ಮೂರು ಬಾರಿಯಿಂದ ವಾರಕ್ಕೆ ಮೂರು ಬಾರಿಯವರೆಗೆ ಮಲವಿಸರ್ಜನೆ ಸಹಜವೇ. ಪ್ರತಿದಿನ ಆಗದಿದ್ದರೆ ರೋಗವೆಂದು ಭಾವಿಸಿ ಭೇದಿ ಮಾತ್ರೆ ನುಂಗುವುದು ಅನಗತ್ಯ. 1997ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯರು ಪ್ರಕಟಿಸಿದ ಪಟ್ಟಿಯೊಂದು ಮಲದ ಸ್ವರೂಪವನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ. ಗಟ್ಟಿ ಗುಂಡುಗಳಂತಿದ್ದರೆ ಮಲಬದ್ಧತೆ, ನೀರಾಗಿದ್ದರೆ ಅತಿಸಾರ, ಮೃದುವಾದ ಉರುಳೆಯಂತಿದ್ದರೆ ಸಹಜ.

ಕರೆ ಬಂದಾಗ ತಡೆಹಿಡಿಯದಿರುವುದು ಮುಖ್ಯ. ಸಂಚಾರ ದಟ್ಟಣೆಯ ಭಯದಿಂದ ಮುಂಜಾನೆಯೇ ಮನೆ ಬಿಡುವವರಲ್ಲಿ, ಶೌಚಾಲಯ ಸರಿಯಿಲ್ಲದ ಶಾಲೆಗಳ ಮಕ್ಕಳಲ್ಲಿ ತಡೆಹಿಡಿಯುವುದೇ ಅಭ್ಯಾಸವಾಗಿ ಮಲಬದ್ಧತೆ ಬೇರೂರುತ್ತದೆ. ಬೆಳಗಿನ ಉಪಾಹಾರದ ನಂತರ ಕರುಳಿನ ಚಲನೆ ಸಹಜವಾಗಿಯೇ ಚುರುಕಾಗುವುದರಿಂದ ಆ ಹೊತ್ತಿಗೆ ಸಮಯ ಮೀಸಲಿಡುವುದು ಒಳಿತು. ಪಾಶ್ಚಾತ್ಯ ಮಾದರಿಯ ಕಮೋಡ್ ಬಳಸುವವರು ಪಾದಗಳ ಕೆಳಗೆ ಗಿಡ್ಡ ಮಣೆ ಇಟ್ಟುಕೊಂಡರೆ ತಿಣುಕುವುದು ತಪ್ಪುತ್ತದೆ.

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ, ಏಳು ಗಂಟೆಯ ನಿದ್ದೆ, ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ರಾತ್ರಿಯೂಟ, ತಂಬಾಕು ಮತ್ತು ಮದ್ಯದಿಂದ ದೂರ ಇವಿಷ್ಟು ಪಾಲಿಸಿದರೆ ಎದೆಯುರಿಯೂ ಮಲಬದ್ಧತೆಯೂ ಅನೇಕರಲ್ಲಿ ಮಾತ್ರೆಯಿಲ್ಲದೆ ಹತೋಟಿಗೆ ಬರುತ್ತವೆ.

ಪೂರಕಗಳು: ಎಷ್ಟು ನಿಜ, ಎಷ್ಟು ಪ್ರಚಾರ

ಇಸಬ್‌ಗೋಲ್: ನೈಸರ್ಗಿಕ ಪೂರಕಗಳಲ್ಲಿ ಉತ್ತಮ ಆಧಾರವಿರುವುದು ಇದಕ್ಕೆ. ಗುಜರಾತ್, ರಾಜಸ್ಥಾನಗಳಲ್ಲಿ ಬೆಳೆಯುವ ಈ ಸಸ್ಯದ ಬೀಜದ ಹೊಟ್ಟು ನೀರು ಹೀರಿ ಲೋಳೆಯಾಗಿ ಮಲವನ್ನು ಮೃದುಗೊಳಿಸುತ್ತದೆ, ಕೊಲೆಸ್ಟರಾಲನ್ನೂ ಸ್ವಲ್ಪ ತಗ್ಗಿಸುತ್ತದೆ. ಒಂದು ಲೋಟ ತುಂಬ ನೀರಿನೊಂದಿಗೇ ಸೇವಿಸಬೇಕು. ನೀರು ಕಡಿಮೆಯಾದರೆ ಗಂಟಲಲ್ಲಿ ಅಥವಾ ಕರುಳಿನಲ್ಲಿ ಕಟ್ಟಿಕೊಳ್ಳಬಹುದು. ನುಂಗಲು ತೊಂದರೆಯಿರುವವರು, ಕರುಳು ಕಿರಿದಾಗಿರುವವರು ಬಳಸಬಾರದು. ಬೇರೆ ಔಷಧಗಳ ಹೀರಿಕೆಗೆ ಅಡ್ಡಿಯಾಗದಂತೆ ಎರಡು ಗಂಟೆಯ ಅಂತರವಿರಲಿ.

ತ್ರಿಫಲ ಮತ್ತು ಸೋನಾಮುಖಿ: ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿಗಳ ಮಿಶ್ರಣವಾದ ತ್ರಿಫಲ ಚೂರ್ಣವನ್ನು ಆಯುರ್ವೇದ ಬಹುಕಾಲದಿಂದ ಬಳಸುತ್ತ ಬಂದಿದೆ. ಸೌಮ್ಯ ವಿರೇಚಕವಾಗಿ ಅದು ಉಪಯುಕ್ತವಾದರೂ ದೊಡ್ಡ ಪ್ರಮಾಣದ ಪ್ರಯೋಗಗಳು ಕಡಿಮೆ. ಸೋನಾಮುಖಿ ಸೊಪ್ಪು ಕರುಳನ್ನು ಕೆರಳಿಸಿ ಕೆಲಸ ಮಾಡುವ ವಿರೇಚಕ. 'ಆಯುರ್ವೇದಿಕ್' ಹೆಸರಿನ ಹಲವು ಚೂರ್ಣಗಳ ಮುಖ್ಯ ಅಂಶ ಇದೇ ಆಗಿರುತ್ತದೆ. ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ಬಳಸತಕ್ಕದ್ದಲ್ಲ.

ಶುಂಠಿ, ಪುದೀನ, ಜೀರಿಗೆ: ವಾಕರಿಕೆ ತಗ್ಗಿಸುವಲ್ಲಿ ಶುಂಠಿಗೂ, ಕೆರಳುವ ಕರುಳಿನ ನೋವಿಗೆ ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲಿಗೂ ಪುರಾವೆಯಿದೆ. ಜೀರಿಗೆ, ಓಮ, ಇಂಗುಗಳ ಬಳಕೆ ಮನೆಮದ್ದಿನ ಅನುಭವದ್ದು. ಅಡುಗೆಯ ಪ್ರಮಾಣದಲ್ಲಿ ನಿರಪಾಯಕಾರಿ.

ಪ್ರೋಬಯಾಟಿಕ್: ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಲಾಭ ತರುವ ಜೀವಂತ ಸೂಕ್ಷ್ಮಾಣುಗಳೇ ಪ್ರೋಬಯಾಟಿಕ್. ಲಾಭವು ಆಯಾ ತಳಿಗೆ ಮತ್ತು ಆಯಾ ಕಾಯಿಲೆಗೆ ಸೀಮಿತ. ಅಮೆರಿಕದ ಜಠರಕರುಳು ತಜ್ಞರ ಸಂಘ 2020ರಲ್ಲಿ ಪುರಾವೆಗಳನ್ನು ಪರಿಶೀಲಿಸಿ, ಆಂಟಿಬಯಾಟಿಕ್ ಪಡೆಯುವವರಲ್ಲಿ ಸಿ. ಡಿಫಿಸಿಲ್ ಸೋಂಕು ತಡೆಯುವುದೂ ಸೇರಿ ಕೆಲವೇ ಸಂದರ್ಭಗಳಲ್ಲಿ ನಿರ್ದಿಷ್ಟ ತಳಿಗಳ ಬಳಕೆಯನ್ನು ಷರತ್ತಿನೊಡನೆ ಒಪ್ಪಿತು. ಕೆರಳುವ ಕರುಳಿನ ತೊಂದರೆಗೆ ಪ್ರಯೋಗಗಳ ಹೊರಗೆ ಅದನ್ನು ಶಿಫಾರಸು ಮಾಡಲಿಲ್ಲ. ಆಂಟಿಬಯಾಟಿಕ್ ಮುಗಿದ ಮೇಲೆ ಪ್ರೋಬಯಾಟಿಕ್ ಸೇವಿಸಿದವರಲ್ಲಿ ಸ್ವಂತ ಸೂಕ್ಷ್ಮಾಣುಗಳು ಮರಳುವುದು ತಡವಾಯಿತೆಂದು 2018ರಲ್ಲಿ ಇಸ್ರೇಲಿನ ಸಂಶೋಧಕರು ವರದಿ ಮಾಡಿದ್ದಾರೆ. ಕೊಳ್ಳುವುದೇ ಆದರೆ ತಳಿಯ ಪೂರ್ಣ ಹೆಸರು, ಜೀವಂತ ಸೂಕ್ಷ್ಮಾಣುಗಳ ಸಂಖ್ಯೆ, ಬಳಕೆಯ ಅವಧಿ, ಇಡಬೇಕಾದ ಉಷ್ಣತೆ ಲೇಬಲ್ ಮೇಲಿವೆಯೇ ಎಂದು ನೋಡಬೇಕು. ರೋಗನಿರೋಧಕ ಶಕ್ತಿ ತೀರ ಕುಂದಿದವರಿಗೆ ಇದು ಅಪಾಯ ತರಬಲ್ಲದು.

'ನೈಸರ್ಗಿಕ' ಎಂದಾಕ್ಷಣ ನಿರಪಾಯವಲ್ಲ. ಸಾಂದ್ರೀಕರಿಸಿದ ಅರಿಶಿನದ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಅಮೃತಬಳ್ಳಿ ಸೇವಿಸಿದ ಆರು ರೋಗಿಗಳಲ್ಲಿ ಯಕೃತ್ತಿನ ಉರಿಯೂತ ಕಂಡುಬಂದುದನ್ನು 2021ರಲ್ಲಿ ಮುಂಬಯಿಯ ವೈದ್ಯರು ಪ್ರಕಟಿಸಿದರು; ಕೇಂದ್ರದ ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ. ಅಮೆರಿಕದ ಬಾಸ್ಟನ್ ಸುತ್ತಮುತ್ತಲಿನ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದು 2004ರ ಅಧ್ಯಯನವೊಂದರಲ್ಲಿ ಬಯಲಾಯಿತು. ಪರವಾನಗಿ ಸಂಖ್ಯೆಯಿಲ್ಲದ ಪೊಟ್ಟಣಗಳಿಂದ ದೂರವಿರುವುದೇ ಕ್ಷೇಮ. 'ಡಿಟಾಕ್ಸ್' ಪೇಯಗಳಂತೂ ಅನವಶ್ಯಕ. ಆ ಕೆಲಸಕ್ಕೆ ಯಕೃತ್ತು, ಮೂತ್ರಪಿಂಡಗಳಿವೆ.

ಮಾತ್ರೆಗಳ ಸ್ವಯಂ ಸೇವನೆ

ಕರುಳಿನ ಸೂಕ್ಷ್ಮಾಣುಗಳಿಗೆ ದೊಡ್ಡ ಪೆಟ್ಟು ಕೊಡುವುದು ಅನಗತ್ಯ ಆಂಟಿಬಯಾಟಿಕ್. ನೆಗಡಿ, ಸಾಮಾನ್ಯ ಭೇದಿಗಳಿಗೆ ಬಹುತೇಕ ಕಾರಣ ವೈರಾಣು. ಅವುಗಳ ಮೇಲೆ ಆಂಟಿಬಯಾಟಿಕ್ ಪರಿಣಾಮ ಬೀರದು. ಹಲವು ಪ್ರಬಲ ಆಂಟಿಬಯಾಟಿಕ್‌ಗಳನ್ನು 2014ರ ಮಾರ್ಚ್ 1ರಿಂದ ಜಾರಿಯಾದ ಎಚ್1 ಅನುಸೂಚಿಗೆ ಸೇರಿಸಲಾಗಿದ್ದು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಭೇದಿಯಾದಾಗ ಮೊದಲು ಬೇಕಾದುದು ಓಆರ್‌ಎಸ್ ದ್ರಾವಣ. ಮಕ್ಕಳ ವಿಷಯದಲ್ಲಿ ಇದನ್ನು ಮರೆಯಲೇಬಾರದು.

ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಗುಳಿಗೆಗಳು ಸೂಕ್ತ ಕಾರಣಕ್ಕೆ ಅತ್ಯುಪಯುಕ್ತ. ಆದರೆ ಕಾರಣ ತಿಳಿಯದೆ ವರ್ಷಗಟ್ಟಲೆ ನುಂಗಿದರೆ ಬಿ12 ಜೀವಸತ್ವ, ಮೆಗ್ನೀಸಿಯಂ ಕುಂದಬಹುದು, ಕರುಳಿನ ಸೋಂಕು ಹೆಚ್ಚಬಹುದು. ಜಠರದ ಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣವೆಂದು ಬಗೆದಿದ್ದ ಕಾಲವೊಂದಿತ್ತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಹೆಲಿಕೊಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡಿ ಆ ನಂಬಿಕೆ ಬದಲಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಸಂದಿತು. ಪರೀಕ್ಷೆಯಲ್ಲಿ ಈ ಸೋಂಕು ಕಂಡರೆ ಎರಡು ವಾರಗಳ ಚಿಕಿತ್ಸೆಯಿಂದ ಹೆಚ್ಚಿನವರಲ್ಲಿ ಹುಣ್ಣು ಮರುಕಳಿಸದಂತೆ ಮಾಡಬಹುದು. ಪರೀಕ್ಷೆಯಿಲ್ಲದೆ ಮಾತ್ರೆ ನುಂಗುತ್ತಿದ್ದರೆ ಈ ಅವಕಾಶ ತಪ್ಪುತ್ತದೆ.

ವೈದ್ಯರನ್ನು ಕಾಣಲೇಬೇಕಾದ ಲಕ್ಷಣಗಳು

ಮಲದಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು ಮಲ.
ಪ್ರಯತ್ನವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ.
ನುಂಗುವಾಗ ಆಹಾರ ಸಿಕ್ಕಿಕೊಳ್ಳುವುದು, ನಿಲ್ಲದ ವಾಂತಿ.
ನಿದ್ದೆಯಿಂದ ಎಬ್ಬಿಸುವ ಭೇದಿ ಅಥವಾ ಹೊಟ್ಟೆನೋವು, ಜೊತೆಗೆ ಜ್ವರ.
ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಕಾಣಿಸಿದ ಮಲವಿಸರ್ಜನೆಯ ವ್ಯತ್ಯಾಸ.
ಕುಟುಂಬದಲ್ಲಿ ಕರುಳಿನ ಕ್ಯಾನ್ಸರ್ ಇದ್ದ ಇತಿಹಾಸ.

ಮಲದಲ್ಲಿ ರಕ್ತ ಕಂಡೊಡನೆ ಮೂಲವ್ಯಾಧಿಯೆಂದು ತೀರ್ಮಾನಿಸಿ, ಸಂಕೋಚದಿಂದ ಮುಚ್ಚಿಟ್ಟು ನಾಟಿ ಔಷಧಕ್ಕೆ ಮೊರೆಹೋಗುವವರು ಬಹಳ. ಅನೇಕ ಬಾರಿ ಅದು ಮೂಲವ್ಯಾಧಿಯೇ ಆಗಿರುತ್ತದೆ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಹಾಗೆಯೇ ಕಾಣಿಸಿಕೊಳ್ಳುತ್ತದೆ. ಆರಂಭದಲ್ಲೇ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಹೆಚ್ಚು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದು. ಎದೆಯ ನಡುವೆ ಬಿಗಿತ, ಎಡಗೈ, ದವಡೆ ಅಥವಾ ಬೆನ್ನಿಗೆ ಹಬ್ಬುವ ನೋವು, ಬೆವರು, ಉಸಿರಾಟದ ತೊಂದರೆ ಕಾಣಿಸಿದರೆ ಅದನ್ನು 'ಗ್ಯಾಸ್ಟ್ರಿಕ್' ಎಂದು ಭಾವಿಸಿ ಸೋಡ ಕುಡಿದು ಮಲಗಬಾರದು. ಮಧುಮೇಹಿಗಳಲ್ಲಿ, ಮಹಿಳೆಯರಲ್ಲಿ, ವೃದ್ಧರಲ್ಲಿ ಹೃದಯಾಘಾತವು ಬರಿಯ ಹೊಟ್ಟೆಯ ಮೇಲ್ಭಾಗದ ಸಂಕಟ, ಅಜೀರ್ಣದ ರೂಪದಲ್ಲೂ ಬರಬಹುದು. ತಡಮಾಡದೆ ಆಸ್ಪತ್ರೆಗೆ ತೆರಳಿ ಇಸಿಜಿ ಮಾಡಿಸಬೇಕು. 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ತರಿಸಿಕೊಳ್ಳಬಹುದು. ಹೊಟ್ಟೆಯ ತೊಂದರೆಯೇ ಆಗಿದ್ದರೆ ಅದಕ್ಕೆ ಮರುದಿನವೂ ಮದ್ದು ಮಾಡಬಹುದು. ಹೃದಯಾಘಾತದಲ್ಲಿ ಕಳೆದ ಗಂಟೆಗಳು ಮರಳಿ ಬಾರವು.